ಕಣ್ಣಿಗೆ ಕಾಣದ ಕಾಡಿಗೆ: ನಿಮ್ಮ ಕತೆಯನ್ನು ನೀವೇ ತಿದ್ದುವುದು ಹೇಗೆ

ಕತೆ ಬರೆದು ಮುಗಿಸಿದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಇಂಥದ್ದನ್ನು ಇದುವರೆಗೆ ಯಾರೂ ಬರೆದೇ ಇಲ್ಲ ಅನಿಸುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದೇ ಕತೆ ತೆಗೆದರೆ ಎರಡನೇ ಪ್ಯಾರಾಕ್ಕೇ ಮುಖ ಬಿಸಿಯಾಗುತ್ತದೆ. ಯಾರಿಗೂ ಕಳಿಸಿಲ್ಲ ತಾನೆ ಎಂದು ವಾಟ್ಸಾಪ್ ತೆಗೆದು ನೋಡುತ್ತೇನೆ. ಕಳಿಸಿರುತ್ತೇನೆ.

ಕತೆ ಅದೇ. ಒಂದು ಅಕ್ಷರವೂ ಬದಲಾಗಿಲ್ಲ. ಆದರೂ ರಾತ್ರಿ ಒಂದು ತೀರ್ಪು, ಬೆಳಿಗ್ಗೆ ಇನ್ನೊಂದು. ತುಂಬಾ ವರ್ಷ ಇವೆರಡರಲ್ಲಿ ಯಾವುದನ್ನು ನಂಬಬೇಕು ಎಂದು ತಲೆ ಕೆಡಿಸಿಕೊಂಡಿದ್ದೆ. ಈಗ ಎರಡನ್ನೂ ನಂಬುವುದಿಲ್ಲ.

ಇದೇನು ಹೊಸ ಕಷ್ಟವಲ್ಲ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲೇ ಈ ಮಾತು ಬರುತ್ತದೆ. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣುವುದಿಲ್ಲ, ಬರೆದವನಿಗೆ ತನ್ನ ತಪ್ಪು ಕಾಣದಿರುವುದೂ ಹಾಗೆಯೇ ಎನ್ನುತ್ತದೆ ಅದು. ನಮಗೆ ಸಿಕ್ಕಿರುವ ಮೊದಲ ಕನ್ನಡ ಪುಸ್ತಕದ ಮೊದಲ ಅಧ್ಯಾಯವೇ ಬರವಣಿಗೆಯ ದೋಷಗಳ ಬಗ್ಗೆ ಇದೆ. ತಿದ್ದಿಕೊಳ್ಳುವ ತಲೆನೋವು ನಮ್ಮಲ್ಲಿ ಅಷ್ಟು ಹಳೆಯದು.

ಹಾಗಾಗಿ ‘ನನ್ನ ಕತೆ ಚೆನ್ನಾಗಿದೆಯಾ?’ ಎಂದು ನನ್ನನ್ನೇ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಉತ್ತರ ಕೊಡುವ ಜಾಗದಲ್ಲಿ ನಾನಿಲ್ಲ. ಅದರ ಬದಲು ಉತ್ತರ ಹೇಳಬಹುದಾದ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತೇನೆ. ಓದುವಾಗ ಎಲ್ಲಿ ನಿದ್ದೆ ಬಂತು? ಈ ಪ್ಯಾರಾ ತೆಗೆದರೆ ಏನು ಕಳೆದುಹೋಗುತ್ತದೆ? ಈ ಮಾತನ್ನು ಅವಳು ಹೀಗೆ ಆಡುತ್ತಾಳಾ? ಕೆಳಗಿನ ಹಂತಗಳೆಲ್ಲ ಇಂಥ ಪ್ರಶ್ನೆ ಕೇಳಲು ಬೇಕಾದ ದೂರ ಸಂಪಾದಿಸುವ ದಾರಿಗಳು. ಎರಡು-ಮೂರು ಸಾವಿರ ಪದದ ಸಣ್ಣಕತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕವಿತೆಯ ಲೆಕ್ಕ ಬೇರೆ, ಅದು ನನ್ನ ಕೈಲಾಗದ ಕೆಲಸ.

ಉದಾಹರಣೆಗೆ ನನ್ನದೇ ಒಂದು ಕತೆ ಇಟ್ಟುಕೊಳ್ಳುತ್ತೇನೆ. ಒಂದು ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆಂದು ಬರೆದದ್ದು. ಸಾಗರದ ಕಡೆಯ ಒಂದು ಮನೆ, ಅಡಿಕೆ ಕೊಯ್ಲಿನ ಕಾಲ, ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾರೆ. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಯಜಮಾನ ಹೆಗಡೆಯವರು ಅಳೆಯುವಾಗ ಡಬ್ಬವನ್ನು ನೆಲಕ್ಕೆ ಕುಕ್ಕಿ ಕುಕ್ಕಿ ತುಂಬುತ್ತಾರೆ, ಹಾಗೆ ಮಾಡಿದರೆ ಅದೇ ಡಬ್ಬದಲ್ಲಿ ಜಾಸ್ತಿ ಅಡಿಕೆ ಹಿಡಿಯುತ್ತದೆ. ಸುಲಿಯಲು ಬರುವ ಗೌರಕ್ಕನಿಗೆ ದಿನಾ ಸ್ವಲ್ಪ ಸ್ವಲ್ಪ ಮೋಸ. ಹೆಗಡೆಯವರ 12 ವರ್ಷದ ಮಗ ಇದನ್ನು ನೋಡುತ್ತಾನೆ. ಇಷ್ಟೇ ಕತೆ.

ಮೊದಲು, ಮುಚ್ಚಿಡಿ

ಬರೆದು ಮುಗಿಸಿದ ದಿನ ಒಂದು ಕೆಲಸ ಮಾಡಿ. ಕತೆ ಯಾವುದರ ಬಗ್ಗೆ ಎಂದು ಬೇರೆ ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ. ನಾನು ಬರೆದದ್ದು: ‘ತನ್ನ ಅಪ್ಪ ಮೋಸಗಾರ ಅಂತ ಹುಡುಗನಿಗೆ ಗೊತ್ತಾಗುವ ಕತೆ.’ ಚೀಟಿ ಮಡಚಿ ಡ್ರಾಯರಿಗೆ ಹಾಕಿ. ಕತೆಯನ್ನೂ ಮುಚ್ಚಿ.

ಎಷ್ಟು ದಿನ? ರೋಮಿನ ಕವಿ ಹೊರೇಸ್ ಎರಡು ಸಾವಿರ ವರ್ಷದ ಹಿಂದೆ ಒಂಬತ್ತು ವರ್ಷ ಮುಚ್ಚಿಡಿ ಎಂದು ಸಲಹೆ ಕೊಟ್ಟಿದ್ದ. ಅವನಿಗೆ ಕಥಾಸ್ಪರ್ಧೆಯ ಕೊನೇ ದಿನಾಂಕ ಇರಲಿಲ್ಲ ಅನ್ನಿಸುತ್ತದೆ. ನನಗೆ ಮೂರು ವಾರ ಸಾಕು. ಅಷ್ಟರಲ್ಲಿ ವಾಕ್ಯಗಳು ಬಾಯಿಪಾಠದಿಂದ ಹೊರಗೆ ಹೋಗಿರುತ್ತವೆ. ಮುಂದಿನ ವಾಕ್ಯ ಏನು ಎಂದು ಮೊದಲೇ ಗೊತ್ತಿದ್ದರೆ ಕಣ್ಣು ಓದುವುದಿಲ್ಲ, ಸುಮ್ನೆ ಜಾರುತ್ತದೆ. ಬಿಟ್ಟುಹೋದ ಪದವನ್ನೂ ತಾನೇ ತುಂಬಿಕೊಂಡು ಮುಂದೆ ಹೋಗುತ್ತದೆ.

ಈ ಮೂರು ವಾರ ಕೈ ಕಟ್ಟಿ ಕೂರಬೇಡಿ. ಇನ್ನೊಂದು ಕತೆ ಶುರು ಮಾಡಿ. ಹೊಸ ಕತೆಯ ಮೇಲೆ ಪ್ರೀತಿ ಹುಟ್ಟಿದರೆ ಹಳೆಯದರ ಮೇಲಿನ ಮೋಹ ಇಳಿಯುತ್ತದೆ. ಕೊನೇ ದಿನಾಂಕ ನಾಡಿದ್ದೇ ಇದ್ದರೆ? ಒಂದು ರಾತ್ರಿಯಾದರೂ ನಿದ್ದೆ ಮಾಡಿ, ಮುಂದಿನ ಹಂತವನ್ನು ಬಿಡದೆ ಮಾಡಿ.

ಕತೆಯ ವೇಷ ಬದಲಿಸಿ

ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಅದೇ ಪರದೆಯಲ್ಲಿ, ಅದೇ ಫಾಂಟಿನಲ್ಲಿ ಓದಬೇಡಿ. ಪ್ರಿಂಟ್ ತೆಗೆಯಿರಿ. ಫಾಂಟ್ ಬದಲಿಸಿ, ಅಕ್ಷರ 14 ಪಾಯಿಂಟಿಗೆ ಏರಿಸಿ, ಸಾಲುಗಳ ನಡುವೆ ಜಾಗ ಬಿಡಿ, ಎರಡೂ ಬದಿಗೆ ದೊಡ್ಡ ಮಾರ್ಜಿನ್ ಇಡಿ. ಸಾಲು ಬೇರೆ ಕಡೆ ಮುರಿಯುತ್ತದೆ. ಅಷ್ಟರಿಂದಲೇ ಅರ್ಧ ಕತೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಪ್ರಿಂಟಿಗೆ ದುಡ್ಡು ಯಾಕೆ ಅನ್ನುವವರು ಫೋನಿಗೆ ಕಳಿಸಿಕೊಂಡು ಬಸ್ಸಿನಲ್ಲಿ ಓದಿ. ಬಸ್ಸಿನಲ್ಲಿ ಓದಿದಾಗ ಹಿಡಿಸದ ಪ್ಯಾರಾ ಮನೆಯಲ್ಲೂ ಹಿಡಿಸುವುದಿಲ್ಲ, ಇದು ನನ್ನ ಅನುಭವ.

ನುಡಿ ತಂತ್ರಾಂಶದಲ್ಲಿ ಬರೆದು ಯೂನಿಕೋಡಿಗೆ ಬದಲಿಸುವವರಿಗೆ ಒಂದು ಎಚ್ಚರಿಕೆ. ಪರಿವರ್ತನೆಯಲ್ಲಿ ಕೆಲವೊಮ್ಮೆ ಒತ್ತಕ್ಷರ, ಅರ್ಕಾವತ್ತು, ಉದ್ಧರಣ ಚಿಹ್ನೆ ಹಾಳಾಗುತ್ತವೆ. ಆ ಕೆಲಸ ಮೊದಲು ಮುಗಿಸಿ, ಆಮೇಲೆ ತಿದ್ದಲು ಕೂರಿ. ಎಲ್ಲ ತಿದ್ದಿ ಕೊನೆಗೆ ಪರಿವರ್ತನೆ ಮಾಡಿದರೆ ಇನ್ನೊಂದು ಸಲ ಪೂರ್ತಿ ಓದಬೇಕಾಗುತ್ತದೆ, ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

ಪೆನ್ನು ದೂರ ಇಟ್ಟು ಒಮ್ಮೆ ಓದಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಮೊದಲ ಓದಿನಲ್ಲಿ ಏನನ್ನೂ ತಿದ್ದಬಾರದು. ಕಾಗುಣಿತ ತಪ್ಪು ಕಂಡರೂ ಬಿಡಿ. ಕೈ ತುರಿಸುತ್ತದೆ, ಗೊತ್ತು. ಆದರೆ ಅಲ್ಪವಿರಾಮ ಸರಿ ಮಾಡಲು ಶುರು ಮಾಡಿದಿರೋ, ಓದುಗನ ಕುರ್ಚಿಯಿಂದ ಎದ್ದು ರಿಪೇರಿಯವನ ಸ್ಟೂಲಿಗೆ ಹೋದ ಹಾಗೆ. ನಾಳೆ ಪೂರ್ತಿ ಹೊಡೆದುಹಾಕಬೇಕಾದ ಪುಟದಲ್ಲಿ ಇವತ್ತು ಒಂದು ಗಂಟೆ ಕೂತು ಪದ ಬದಲಿಸಿರುತ್ತೀರಿ.

ಪೆನ್ಸಿಲ್ ಮಾತ್ರ ಇರಲಿ. ಮೂರೇ ಗುರುತು. ಮನಸ್ಸು ಬೇರೆಲ್ಲೋ ಹೋದ ಕಡೆ ಪಕ್ಕದಲ್ಲಿ ಒಂದು ಗೆರೆ. ಅರ್ಥವಾಗದೆ ಹಿಂದೆ ಹೋಗಿ ಓದಿದ ಕಡೆ ಪ್ರಶ್ನೆ ಚಿಹ್ನೆ. ನಾಚಿಕೆ ಆದ ಕಡೆ ಒಂದು ಸೊನ್ನೆ. ಈ ಮೂರನೆಯದಕ್ಕೆ ಬೆಲೆ ಜಾಸ್ತಿ. ನನಗೆ ನಾಚಿಕೆ ಆಗುವುದು ಎರಡು ಕಾರಣಕ್ಕೆ. ಒಂದು, ಅಲ್ಲಿ ನಾನು ಸುಳ್ಳು ಹೇಳಿರುತ್ತೇನೆ, ಇಲ್ಲದ ಭಾವುಕತೆ ತುರುಕಿರುತ್ತೇನೆ. ಇನ್ನೊಂದು, ತೀರಾ ನಿಜ ಹೇಳಿಬಿಟ್ಟಿರುತ್ತೇನೆ. ಮೊದಲನೆಯದನ್ನು ಕಿತ್ತು ಹಾಕಬೇಕು, ಎರಡನೆಯದನ್ನು ಮುಟ್ಟಬಾರದು. ಇವೆರಡರ ವ್ಯತ್ಯಾಸ ಗೊತ್ತಾಗಲು ನನಗೆ ಒಂದೆರಡು ದಿನ ಬೇಕಾಗುತ್ತದೆ.

ಓದಿ ಮುಗಿದ ಮೇಲೆ, ಕತೆ ಯಾವುದರ ಬಗ್ಗೆ ಎಂದು ಮತ್ತೆ ಒಂದು ಸಾಲು ಬರೆಯಿರಿ. ಈಗ ಡ್ರಾಯರಿನ ಚೀಟಿ ತೆಗೆಯಿರಿ. ನನ್ನ ಎರಡನೇ ಸಾಲು ಹೀಗಿತ್ತು: ‘ಗೌರಕ್ಕನಿಗೆ ಮೊದಲಿಂದಲೂ ಎಲ್ಲ ಗೊತ್ತಿತ್ತು.’ ಮೂರು ವಾರದ ಹಿಂದಿನ ಸಾಲಿನಲ್ಲಿ ಗೌರಕ್ಕನ ಹೆಸರೇ ಇರಲಿಲ್ಲ! ನಾನು ಹುಡುಗನ ಕತೆ ಎಂದುಕೊಂಡು ಬರೆದಿದ್ದೆ, ಪುಟದ ಮೇಲೆ ಬೇರೊಬ್ಬರ ಕತೆ ಬಂದು ಕೂತಿತ್ತು. ಎರಡು ಸಾಲು ಹೊಂದದಿದ್ದರೆ ಹೆದರಬೇಡಿ. ತಿದ್ದುವ ಕೆಲಸ ಎಲ್ಲಿಂದ ಶುರುವಾಗಬೇಕು ಎಂದು ಅದೇ ತೋರಿಸಿಕೊಡುತ್ತದೆ.

ದೊಡ್ಡದನ್ನು ಮೊದಲು ತಿದ್ದಿ

ಬೇರೆ ಹಾಳೆಯಲ್ಲಿ ಕತೆಯ ಒಂದೊಂದು ದೃಶ್ಯಕ್ಕೂ ಒಂದೊಂದು ಸಾಲು ಬರೆಯಿರಿ. ಪಕ್ಕದಲ್ಲಿ ಅದು ಎಷ್ಟು ಪದ ತಿಂದಿದೆ ಎಂದು ಹಾಕಿ. ನನ್ನ ಕತೆಯಲ್ಲಿ ಏಳು ದೃಶ್ಯಗಳಿದ್ದವು. ಮೊದಲ ಎರಡರಲ್ಲಿ ದೊಡ್ಡವನಾದ ಹುಡುಗ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುತ್ತಾ ಹಳೆಯದನ್ನು ನೆನೆಯುತ್ತಾನೆ. 2400 ಪದದ ಕತೆಯಲ್ಲಿ 700 ಪದ ಬಸ್ಸಿಗೇ ಹೋಗಿತ್ತು. ತುಮಕೂರಿನ ದೀಪ, ಅರಸೀಕೆರೆಯ ಚಹಾ, ಪಕ್ಕದ ಸೀಟಿನವನ ಗೊರಕೆ ಎಲ್ಲ ಇತ್ತು. ಅಡಿಕೆ ಡಬ್ಬವನ್ನು ನೆಲಕ್ಕೆ ಕುಕ್ಕುವ ದೃಶ್ಯಕ್ಕೆ ಬರೀ 150 ಪದ.

ಯಾಕೆ ಹೀಗಾಗುತ್ತದೆ? ಬಸ್ಸಿನ ಭಾಗ ಬರೆಯುವಾಗ ನನಗಿನ್ನೂ ಕತೆ ಸಿಕ್ಕಿರಲಿಲ್ಲ. ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಹಾಡುವವರು ಮೊದಲು ಶ್ರುತಿ ಹಿಡಿಯುತ್ತಾರಲ್ಲ, ಹಾಗೆ. ಹೊಸಬರ ಕತೆಗಳಲ್ಲಿ ಬಸ್ಸು, ರೈಲು, ಕಿಟಕಿ, ಮಳೆ, ಅಲಾರಂ ಸದ್ದಿಗೆ ಎಚ್ಚರವಾಗುವುದು, ಇವು ಮೊದಲ ಪುಟದಲ್ಲಿ ಕಾಣಿಸುವುದು ಇದೇ ಕಾರಣಕ್ಕೆ. ಒಂದು ಪರೀಕ್ಷೆ ಮಾಡಿ. ಮೊದಲ ಪುಟ ತೆಗೆದಿಟ್ಟು ಎರಡನೇ ಪುಟದಿಂದ ಯಾರಿಗಾದರೂ ಓದಲು ಕೊಡಿ. ಅವರು ‘ಇದರ ಹಿಂದೆ ಏನೋ ಇದೆಯಾ?’ ಎಂದು ಕೇಳದಿದ್ದರೆ ಮೊದಲ ಪುಟ ಬೇಕಿರಲಿಲ್ಲ.

ನಾನು ಬಸ್ಸನ್ನು ಪೂರ್ತಿ ತೆಗೆದೆ. ಸುಲಭವಾಗಿ ತೆಗೆಯಲಿಲ್ಲ. ಅರಸೀಕೆರೆಯ ಚಹಾದ ಪ್ಯಾರಾ ನನಗೆ ಬಹಳ ಇಷ್ಟ, ಈಗಲೂ ಇಷ್ಟ. ಅದಕ್ಕೇ ಕಂಪ್ಯೂಟರಿನಲ್ಲಿ ‘ಅಟ್ಟ’ ಎಂಬ ಹೆಸರಿನ ಒಂದು ಫೈಲ್ ಇಟ್ಟಿದ್ದೇನೆ. ಕಿತ್ತದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಮನೆಯ ಅಟ್ಟದಲ್ಲಿ ಹಳೇ ತೊಟ್ಟಿಲು, ಮುರಿದ ಸಾರಣಿಗೆ ಇಡುತ್ತೇವಲ್ಲ, ಎಂದಾದರೂ ಬೇಕಾಗುತ್ತದೆ ಎಂದು? ಆರು ವರ್ಷದಲ್ಲಿ ಅಟ್ಟದಿಂದ ಕೆಳಗಿಳಿಸಿದ್ದು ಎರಡೇ ವಾಕ್ಯ. ಆದರೆ ಎಸೆದಿಲ್ಲ, ಇಟ್ಟಿದ್ದೇನೆ ಎಂಬ ಸಮಾಧಾನ ಇದ್ದರೆ ಕೈ ಧೈರ್ಯವಾಗಿ ಕತ್ತರಿಸುತ್ತದೆ.

ಈ ಹಂತದಲ್ಲಿ ಕೇಳಿಕೊಳ್ಳಬೇಕಾದ ಇನ್ನೂ ಒಂದೆರಡು ಪ್ರಶ್ನೆಗಳಿವೆ. ಕತೆಯನ್ನು ಯಾರ ಕಣ್ಣಿನಿಂದ ಹೇಳುತ್ತಿದ್ದೀರಿ, ಆ ಕಣ್ಣಿಗೆ ಇದೆಲ್ಲ ಕಾಣಲು ಸಾಧ್ಯವಾ? ನನ್ನ ಹುಡುಗ ಒಂದು ಕಡೆ ‘ಶ್ರಮದ ಶೋಷಣೆ’ ಎಂದು ಯೋಚಿಸುತ್ತಿದ್ದ. 12 ವರ್ಷದ ಹುಡುಗ! ಅದು ನಾನು ಕಾಲೇಜಿನಲ್ಲಿ ಕಲಿತ ಮಾತು, ಅವನ ಬಾಯಿಗೆ ತುರುಕಿದ್ದೆ. ಮತ್ತೆ, ಕೊನೆ. ಕೊನೆಯ ಪ್ಯಾರಾ ಮುಚ್ಚಿ ಓದಿ ನೋಡಿ. ಬಹಳ ಸಲ ಕತೆ ಅದರ ಹಿಂದಿನ ಪ್ಯಾರಾದಲ್ಲೇ ಮುಗಿದಿರುತ್ತದೆ, ಉಳಿದದ್ದು ಮೇಷ್ಟರು ಗಂಟೆ ಹೊಡೆದ ಮೇಲೂ ಪಾಠ ಮಾಡಿದ ಹಾಗೆ.

ಕಿವಿಗೆ ಒಪ್ಪಿಸಿ

ಈಗ ಗಟ್ಟಿಯಾಗಿ ಓದಿ. ಬಾಗಿಲು ಹಾಕಿಕೊಂಡೇ ಓದಿ, ಆದರೆ ಗಟ್ಟಿಯಾಗಿ. ಕನ್ನಡಕ್ಕೆ ಇದು ಬಹಳ ಮುಖ್ಯ. ಯಾಕೆಂದರೆ ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಎಚ್ಚರ ತಪ್ಪಿದರೆ ಎಲ್ಲ ವಾಕ್ಯಗಳೂ ಒಂದೇ ಸದ್ದಿನಲ್ಲಿ ಮುಗಿಯುತ್ತವೆ. ನನ್ನ ಮೊದಲ ಪ್ರತಿಯಲ್ಲಿ ಇದ್ದದ್ದು ಹೀಗೆ:

‘ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಹೊಗೆ ಜಗುಲಿಗೆ ನುಗ್ಗುತ್ತಿತ್ತು. ಗೌರಕ್ಕ ಮೂಲೆಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದಳು. ಅವಳ ಕೈ ಯಂತ್ರದಂತೆ ಓಡುತ್ತಿತ್ತು.’

ಕಣ್ಣಲ್ಲಿ ಓದಿದಾಗ ಏನೂ ತಪ್ಪಿಲ್ಲ. ಬಾಯಲ್ಲಿ ಓದಿದರೆ ಗೂಡ್ಸ್ ರೈಲು ಹೋದ ಹಾಗೆ. ತಿದ್ದಿದ ಮೇಲೆ ಹೀಗಾಯಿತು:

‘ಅಂಗಳದ ಹಂಡೆಯಲ್ಲಿ ಅಡಿಕೆ ಬೇಯುವ ಸದ್ದು. ಹೊಗೆ ಜಗುಲಿಗೂ ನುಗ್ಗಿತು, ಗೌರಕ್ಕ ತಲೆ ಎತ್ತಲಿಲ್ಲ. ಮೆಟ್ಟುಗತ್ತಿಗೆ ಒತ್ತಿ ತಿರುವಿದರೆ ಸಿಪ್ಪೆ ಅತ್ತ, ಅಡಿಕೆ ಇತ್ತ.’

ಕ್ರಿಯಾಪದವೇ ಇಲ್ಲದ ವಾಕ್ಯ ಕನ್ನಡಕ್ಕೆ ಸಹಜ, ಧೈರ್ಯವಾಗಿ ಬಳಸಿ. ‘-ತ್ತಿತ್ತು’ ಬದಲು ‘-ಇತು’ ಹಾಕಿದರೆ ಕೆಲವೊಮ್ಮೆ ಇಡೀ ದೃಶ್ಯ ಮೈ ಕೊಡವಿ ಎದ್ದು ನಿಲ್ಲುತ್ತದೆ. ಇನ್ನೊಂದು ಕಡೆಯ ಅತಿರೇಕವೂ ಇದೆ. ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿ, ಗೇಟು ದಾಟಿ, ರಸ್ತೆಗೆ ಬಂದು...’ ಎಂದು ಉಸಿರು ಕಟ್ಟುವವರೆಗೆ ಎಳೆಯುವುದು. ಓದುವಾಗ ಉಸಿರು ಎಲ್ಲಿ ಮುಗಿಯಿತೋ ಅಲ್ಲಿ ಗುರುತು ಹಾಕಿ.

ಸಂಭಾಷಣೆಗೂ ಕಿವಿಯೇ ಗುರು. ಗೌರಕ್ಕ ನನ್ನ ಮೊದಲ ಪ್ರತಿಯಲ್ಲಿ ‘ಹೆಗಡೆಯವರೇ, ಇಂದು ಆರು ಡಬ್ಬಗಳಾಗಿವೆ’ ಎಂದಿದ್ದಳು. ಗಟ್ಟಿಯಾಗಿ ಓದಿದಾಗ ನನಗೇ ನಗು ಬಂತು. ‘ಹೆಗಡೇರೇ, ಇವತ್ತು ಆರು ಡಬ್ಬ’ ಅಷ್ಟೇ. ಆಡುಮಾತು ಬಳಸುವಾಗ ನಿಮಗೆ ಕೇಳಿ ಗೊತ್ತಿರುವುದನ್ನೇ ಬಳಸಿ. ಮೈಸೂರಿನಲ್ಲಿ ಬೆಳೆದು ಧಾರವಾಡದ ಮಾತು ಬರೆಯಹೊರಟು ಎಲ್ಲದಕ್ಕೂ ‘ರೀ’ ಅಂಟಿಸಿದರೆ ಹುಬ್ಬಳ್ಳಿಯ ಓದುಗರು ಎರಡೇ ಸಾಲಿಗೆ ಹಿಡಿಯುತ್ತಾರೆ. ಗೊತ್ತಿಲ್ಲದಿದ್ದರೆ ಸರಳ ಆಡುಗನ್ನಡ ಸಾಕು, ಅಥವಾ ಆ ಕಡೆಯವರಿಗೆ ಓದಿ ಹೇಳಿ ಕೇಳಿಸಿಕೊಳ್ಳಿ.

ನಿಮ್ಮದೇ ದನಿಯಲ್ಲಿ ಓದಿದರೆ ಒಂದು ಮೋಸ ನಡೆಯುತ್ತದೆ. ಸಪ್ಪೆ ವಾಕ್ಯಕ್ಕೂ ನಾವು ಭಾವ ತುಂಬಿ ಓದಿಬಿಡುತ್ತೇವೆ. ಅದಕ್ಕೆ ಮದ್ದು ಫೋನಿನಲ್ಲೇ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿ ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯ ಇದೆ, ಸೆಟ್ಟಿಂಗ್ಸಿನಲ್ಲಿ ಕನ್ನಡ ದನಿ ಆರಿಸಿಕೊಳ್ಳಬೇಕು. ಆ ದನಿಗೆ ನಿಮ್ಮ ಮೇಲೆ ಯಾವ ಮಮತೆಯೂ ಇಲ್ಲ. ರೇಷನ್ ಕಾರ್ಡಿನ ವಿವರ ಓದಿದ ಹಾಗೆ ಓದುತ್ತದೆ. ಹಾಗೆ ಓದಿದರೂ ನಿಲ್ಲುವ ವಾಕ್ಯ ಗಟ್ಟಿ. ಎರಡು ಸಲ ಬಂದ ಪದ, ಬಿಟ್ಟುಹೋದ ಒತ್ತು ಎಲ್ಲ ಕಲ್ಲಿನ ಹಾಗೆ ಕಿವಿಗೆ ತಾಗುತ್ತವೆ.

ಹುಡುಕು ಗುಂಡಿ ಒತ್ತಿ

ಪದಗಳ ಮಟ್ಟದ ಕೆಲಸ ಈಗ. ಪ್ರತಿಯೊಬ್ಬರಿಗೂ ತಮ್ಮದೇ ಚಟದ ಪದಗಳಿರುತ್ತವೆ, ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ನನ್ನವು: ಇದ್ದಕ್ಕಿದ್ದಂತೆ, ಏನೋ ಒಂಥರಾ, ಮೌನ, ನಿಟ್ಟುಸಿರು, ಕಣ್ಣಂಚು. ಒಂದೇ ಕತೆಯಲ್ಲಿ ಹೆಗಡೆಯವರು ನಾಲ್ಕು ಸಲ ನಿಟ್ಟುಸಿರು ಬಿಟ್ಟಿದ್ದರು. ಉಬ್ಬಸ ಇದೆಯೇನೋ ಎಂದು ಓದುಗರು ಗಾಬರಿಯಾಗಬೇಕು.

ಹುಡುಕುವಾಗ ಕನ್ನಡ ಲಿಪಿಯ ಒಂದು ಸೂಕ್ಷ್ಮ ಗೊತ್ತಿರಲಿ. ‘ಇತ್ತು’ ಎಂದು ಹುಡುಕಿದರೆ ‘ಉರಿಯುತ್ತಿತ್ತು’ ಸಿಗುವುದಿಲ್ಲ. ಅಲ್ಲಿ ಇರುವುದು ಇ ಅಕ್ಷರವಲ್ಲ, ಗುಣಿತದ ಗುಡಿಸು. ಬರೀ ‘ತ್ತು’ ಎಂದು ಹುಡುಕಬೇಕು. ಆಗ ಹತ್ತು, ಎತ್ತು, ಹೊತ್ತು, ಮತ್ತು ಎಲ್ಲವೂ ಬಲೆಗೆ ಬೀಳುತ್ತವೆ. ಬೀಳಲಿ ಬಿಡಿ. ‘ಮತ್ತು’ ಹೇಗೂ ವಿಚಾರಣೆಗೆ ಒಳಗಾಗಬೇಕಾದ ಪದವೇ. ‘ಅಪ್ಪ ಮತ್ತು ಗೌರಕ್ಕ ಬಂದರು’ ಎಂದು ಯಾರೂ ಮಾತಾಡುವುದಿಲ್ಲ, ‘ಅಪ್ಪನೂ ಗೌರಕ್ಕನೂ ಬಂದರು’ ಅನ್ನುತ್ತೇವೆ.

ನಾವೆಲ್ಲ ಇಂಗ್ಲಿಷ್ ಓದಿ ಬೆಳೆದವರು, ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಮೇಲ್ ಬರೆಯುವವರು. ಅದರ ನೆರಳು ಬೀಳದೇ ಇರುವುದಿಲ್ಲ. ಎಲ್ಲಿ ಬೀಳುತ್ತದೆ ಎಂದು ತಿಳಿದಿದ್ದರೆ ಸಾಕು. ‘ಒಂದು’ ಎಂಬುದನ್ನು ಹುಡುಕಿ. ‘ಒಂದು ಸುಂದರವಾದ ಸಂಜೆ’, ‘ಅವನು ಒಬ್ಬ ಒಳ್ಳೆಯ ಮನುಷ್ಯನಾಗಿದ್ದನು’, ಇಂಥ ಕಡೆ ಲೆಕ್ಕಕ್ಕೆ ಬೇಡದ ಒಂದು, ಒಬ್ಬ ತೆಗೆಯಿರಿ. ಎಣಿಕೆ ಹೇಳಿದ ಮೇಲೆ ‘ಗಳು’ ಬೇಕಿಲ್ಲ, ಹತ್ತು ಮರ ಅಂದರೆ ಹತ್ತು ಮರವೇ. ‘ಅವನು ತನ್ನ ಕೈಗಳನ್ನು ತನ್ನ ಜೇಬುಗಳಲ್ಲಿ ಇರಿಸಿದನು’ ಎಂದು ಬರೆದಿದ್ದರೆ ‘ಜೇಬಿಗೆ ಕೈ ಹಾಕಿದ’ ಎಂದು ಮಾಡಿ, ಇನ್ನೊಬ್ಬರ ಜೇಬಿಗೆ ಹಾಕಿದ್ದರೆ ಮಾತ್ರ ವಿವರಣೆ ಬೇಕು. ‘-ಲಾಯಿತು’, ‘-ಲ್ಪಟ್ಟಿತು’ ಕಂಡರೆ ಮಾಡಿದವರು ಯಾರು ಎಂದು ಕೇಳಿ ಅವರನ್ನೇ ವಾಕ್ಯಕ್ಕೆ ಕರೆದುಕೊಂಡು ಬನ್ನಿ.

ಇದಕ್ಕಿಂತ ದೊಡ್ಡ ಕಾಯಿಲೆ ಇನ್ನೊಂದಿದೆ. ನನ್ನ ಕತೆಯ ಮುಖ್ಯ ಜಾಗದಲ್ಲಿ ಈ ವಾಕ್ಯ ಇತ್ತು: ‘ಗೌರಕ್ಕನ ಕಣ್ಣುಗಳಲ್ಲಿ ಒಂದು ವಿವರಿಸಲಾಗದ ನೋವಿತ್ತು, ಅದು ವರ್ಷಗಳ ಶೋಷಣೆಯ ಕತೆಯನ್ನು ಹೇಳುತ್ತಿತ್ತು.’ ವಿವರಿಸಲಾಗದ ನೋವು ಎಂದು ಬರೆದದ್ದು ಯಾಕೆಂದರೆ ನನಗೆ ವಿವರಿಸಲು ಆಗಿರಲಿಲ್ಲ! ಅವಳು ಆ ಹೊತ್ತಿಗೆ ಏನು ಮಾಡುತ್ತಿದ್ದಳು ಎಂದು ನಾನು ನೋಡಿರಲೇ ಇಲ್ಲ. ಎರಡು ದಿನ ಅದೇ ಜಾಗದಲ್ಲಿ ಕೂತೆ. ಆಮೇಲೆ ನೆನಪಾಯಿತು. ಎಷ್ಟು ಡಬ್ಬ ಆಯಿತೆಂದು ಅವಳು ಸೊಂಟದ ದಾರಕ್ಕೆ ಗಂಟು ಹಾಕಿಕೊಳ್ಳುತ್ತಾಳೆ ಎಂದು ಕತೆಯ ಆರಂಭದಲ್ಲಿ ಎಲ್ಲೋ ಬರೆದು ಮರೆತಿದ್ದೆ. ಇಡೀ ವಾಕ್ಯ ಹೊಡೆದು ಹೀಗೆ ಬರೆದೆ: ‘ಹೆಗಡೆಯವರು ಡಬ್ಬ ಕುಕ್ಕಿದರು. ಗೌರಕ್ಕ ದಾರದ ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು.’ ನೋವು, ಶೋಷಣೆ, ಮೌನ ಇಂಥ ದೊಡ್ಡ ಪದ ನಿಮ್ಮ ಕತೆಯಲ್ಲಿ ಎಲ್ಲಿ ಬಂದರೂ ನಿಲ್ಲಿ. ಆ ಪದದ ಹಿಂದೆ ನೀವು ಇನ್ನೂ ಕಣ್ಣಿಟ್ಟು ನೋಡದ ಒಂದು ಕೈ, ಒಂದು ಪಾತ್ರೆ, ಒಂದು ಚಲನೆ ಇರುತ್ತದೆ. ಅದಕ್ಕೆ ಬೇಕಾದದ್ದು ಬಹಳ ಸಲ ಕತೆಯೊಳಗೇ ಬಿದ್ದಿರುತ್ತದೆ.

ಕಾಗುಣಿತವನ್ನು ಕೊನೆಗೆ ನೋಡಿ. ಅಲ್ಪಪ್ರಾಣ-ಮಹಾಪ್ರಾಣ, ಲ-ಳ, ಅ-ಹ. ನಮಗೆ ಯಾವುದು ತಪ್ಪುತ್ತದೆ ಎಂದು ನಮಗೇ ಗೊತ್ತಿರುವುದಿಲ್ಲವಾದ್ದರಿಂದ ಇದನ್ನು ಬೇರೆಯವರ ಕೈಯಲ್ಲಿ ಮಾಡಿಸುವುದೇ ಒಳ್ಳೆಯದು.

ಇಬ್ಬರಿಗೆ ಓದಲು ಕೊಡಿ

ಇಬ್ಬರು ಸಾಕು. ಒಬ್ಬರು ಕತೆ ಓದುವ ಅಭ್ಯಾಸ ಇರುವವರು, ಇನ್ನೊಬ್ಬರು ಕತೆಯೊಳಗಿನ ಬದುಕು ಗೊತ್ತಿರುವವರು. ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಲ್ಲಿ ಹತ್ತು ಕೈ ಮುಗಿಯುವ ಚಿತ್ರ, ಐದು ‘ಸೂಪರ್’ ಬರುತ್ತದೆ, ಅದರಿಂದ ಕತೆಗೆ ಏನೂ ಆಗುವುದಿಲ್ಲ.

‘ಹೇಗಿದೆ?’ ಎಂದು ಕೇಳಬೇಡಿ. ಪಾಪ, ಅವರು ಚೆನ್ನಾಗಿದೆ ಅನ್ನದೆ ಇನ್ನೇನು ಹೇಳಿಯಾರು? ಎಲ್ಲಿ ಓದು ನಿಲ್ಲಿಸಿ ಫೋನ್ ನೋಡಿದಿರಿ ಎಂದು ಕೇಳಿ. ಯಾರ ಮೇಲೆ ಸಿಟ್ಟು ಬಂತು? ಕತೆಯನ್ನು ಎರಡು ಮಾತಲ್ಲಿ ನನಗೇ ಹೇಳಿ ನೋಡೋಣ? ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. ‘ಅದು ಹಾಗಲ್ಲ, ನಾನು ಹೇಳಹೊರಟದ್ದು...’ ಎಂದು ನೀವು ಶುರು ಮಾಡಿದ ಕೂಡಲೇ ಅವರು ಸುಮ್ಮನಾಗುತ್ತಾರೆ. ಕತೆ ಅಚ್ಚಾದ ಮೇಲೆ ಪ್ರತಿ ಓದುಗರ ಮನೆಗೂ ಹೋಗಿ ನೀವು ವಿವರಿಸುವುದಕ್ಕೆ ಆಗುವುದಿಲ್ಲವಲ್ಲ.

ನನ್ನ ಮೊದಲ ಓದುಗ ಆಫೀಸಿನ ಗೆಳೆಯ. ಕೊನೆ ಇನ್ನೂ ಖಾರವಾಗಿರಬೇಕಿತ್ತು, ಹುಡುಗ ಎದ್ದು ನಿಂತು ಅಪ್ಪನನ್ನು ಕೇಳಬೇಕಿತ್ತು ಎಂದ. ಆ ಕಾಲದ ಆ ಮನೆಯಲ್ಲಿ 12 ವರ್ಷದ ಹುಡುಗ ಅಪ್ಪನ ಎದುರು ನಿಂತು ಹಾಗೆ ಕೇಳುವುದು ಸಾಧ್ಯವಿಲ್ಲ, ಅವನ ಸಲಹೆ ತಪ್ಪು. ಆದರೆ ಅವನಿಗೆ ಕೊನೆ ಸಾಲಲಿಲ್ಲ ಎಂಬುದು ನಿಜ. ಯಾಕೆ ಎಂದು ಯೋಚಿಸಿದಾಗ ಸಿಕ್ಕಿತು. ಹುಡುಗ ಏನು ಮಾಡುತ್ತಾನೆ ಎಂದು ಕಾಯುವ ಹಾಗೆ ನಾನೇ ಮೂರು ಪುಟ ಹುರಿದುಂಬಿಸಿದ್ದೆ. ಕೊನೆಯನ್ನು ಮುಟ್ಟದೆ ನಡುವಿನ ಆ ಹುರಿದುಂಬಿಸುವ ಸಾಲುಗಳನ್ನು ತೆಗೆದೆ. ಇನ್ನೊಮ್ಮೆ ಕೊಟ್ಟಾಗ ಅವನು ಕೊನೆಯ ಮಾತೇ ಎತ್ತಲಿಲ್ಲ.

ಎರಡನೇ ಓದು ಅಮ್ಮನದು. ಕನ್ನಡಕ ಹಾಕಿಕೊಂಡು, ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಕ್ಕಾಲು ಗಂಟೆ ಓದಿದಳು. ನಾನು ಅಡುಗೆಮನೆಯಲ್ಲಿ ಸುಮ್ನೆ ನೀರು ಕುಡಿಯುತ್ತಾ ನಿಂತಿದ್ದೆ. ಮೊದಲ ಪ್ರಶ್ನೆ, ‘ಇದು ನಿಮ್ಮಪ್ಪನ ಕತೆಯಾ?’ ಅಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ಕೇಳಿದಳು:

‘ಸುಲಿಯುವ ರಾತ್ರಿ ಇಷ್ಟು ಮಳೆ ಯಾಕೆ ಸುರಿಸಿದ್ದೀಯ?’

ವಾತಾವರಣಕ್ಕೆ ಎಂದೆ.

‘ಕೊನೆಕೊಯ್ಲಿನಲ್ಲಿ ಹೀಗೆ ಮಳೆ ಹೊಡೆದರೆ ಬೇಯಿಸಿದ ಅಡಿಕೆ ಒಣಗಿಸುವುದು ಎಲ್ಲಿ? ಆ ಹೆಗಡೆ ಡಬ್ಬ ಕುಕ್ಕುತ್ತಾ ಕೂತಿರುತ್ತಾನಾ? ತಲೆ ಮೇಲೆ ಕೈ ಹೊತ್ತು ಅಂಗಳ ನೋಡುತ್ತಿರುತ್ತಾನೆ.’

ಐದು ಸಲ ಓದಿ, ಗಟ್ಟಿಯಾಗಿ ಓದಿ, ಫೋನಿನಿಂದ ಓದಿಸಿ, ಹುಡುಕು ಗುಂಡಿ ಒತ್ತಿ ತಿದ್ದಿದ ಕತೆಯಲ್ಲಿ ಆ ಮಳೆ ಹಾಗೇ ಕೂತಿತ್ತು. ಅಡಿಕೆ ತೋಟದ ನಡುವೆ ಹುಟ್ಟಿ ಬೆಳೆದ ನನಗೇ ಕಾಣಿಸಿರಲಿಲ್ಲ. ಮಳೆ ಬಂದರೆ ಚೆನ್ನ ಎಂದು ತೀರ್ಮಾನಿಸಿ ಬರೆದಿದ್ದೆ, ಆಮೇಲೆ ಅದನ್ನು ಪ್ರಶ್ನಿಸಲೇ ಇಲ್ಲ.

ಯಾವಾಗ ಕೈ ಬಿಡಬೇಕು

ತಿದ್ದುವುದಕ್ಕೆ ಕೊನೆ ಇಲ್ಲ ಎನ್ನುವವರಿದ್ದಾರೆ. ನನಗೆ ಒಂದು ಲೆಕ್ಕ ಇದೆ. ನಿನ್ನೆ ತೆಗೆದ ಅಲ್ಪವಿರಾಮವನ್ನು ಇವತ್ತು ವಾಪಸ್ ಹಾಕುತ್ತಿದ್ದರೆ ಸಾಕು ಎಂದರ್ಥ. ‘ಅಂದ’ ಇದ್ದದ್ದನ್ನು ‘ಹೇಳಿದ’ ಮಾಡಿ, ಮತ್ತೆ ‘ಅಂದ’ ಮಾಡುತ್ತಿದ್ದರೆ ಖಂಡಿತ ಸಾಕು. ಇನ್ನೊಂದು ಅಪಾಯವೂ ಇದೆ. ತೊಳೆದು ತೊಳೆದು ಬಟ್ಟೆಯ ಬಣ್ಣವೇ ಹೋಗುವ ಹಾಗೆ, ಮೊದಲ ಬರವಣಿಗೆಯಲ್ಲಿ ತಾನಾಗಿ ಬಂದ ಒರಟು ಮಾತು ಹೋಗಿ ಎಲ್ಲವೂ ನುಣ್ಣಗಾಗಿಬಿಡುತ್ತದೆ. ಅದಕ್ಕೇ ಪ್ರತಿ ಸುತ್ತನ್ನೂ ದಿನಾಂಕ ಹಾಕಿ ಬೇರೆ ಫೈಲಿನಲ್ಲಿ ಉಳಿಸಿ. ನಾಲ್ಕನೇ ಪ್ರತಿಯಲ್ಲಿ ಕೆಡಿಸಿದ ಪ್ಯಾರಾವನ್ನು ಎರಡನೇ ಪ್ರತಿಯಿಂದ ನಾನು ಎಷ್ಟೋ ಸಲ ಮರಳಿ ತಂದಿದ್ದೇನೆ.

ಕಳಿಸುವ ಮುನ್ನ ನಿಯಮ ಓದಿ. ಪದಮಿತಿ, ಕಳಿಸುವ ವಿಧಾನ, ಕತೆಯ ಹಾಳೆಗಳ ಮೇಲೆ ಹೆಸರು ಇರಬಹುದೋ ಬಾರದೋ ಎಂಬುದು. ಹಲವು ಸ್ಪರ್ಧೆಗಳಲ್ಲಿ ಹೆಸರು ಬೇರೆ ಹಾಳೆಯಲ್ಲಿರಬೇಕು. ಫೈಲಿನ ಹೆಸರು ‘ಕತೆ_ಕೊನೆ_ನಿಜವಾಗಿ_ಕೊನೆ_3’ ಎಂದಿದ್ದರೆ ಅದನ್ನೂ ಬದಲಿಸಿ.

ನನ್ನ ಕತೆಗೆ ಬಹುಮಾನ ಬರಲಿಲ್ಲ. ಪ್ರಕಟವೂ ಆಗಲಿಲ್ಲ. ಫಲಿತಾಂಶದ ದಿನ ಮತ್ತೆ ಆ ಬೆಳಗಿನ ಹೊತ್ತಿನ ತೀರ್ಪು ಬಂದು ಕೂತಿತು, ಕತೆ ತೆಗೆಯುವುದಕ್ಕೇ ಮನಸ್ಸಾಗಲಿಲ್ಲ. ಆರು ತಿಂಗಳು ಬಿಟ್ಟು ತೆಗೆದಾಗ, ಗಂಟು ಮುಟ್ಟುವ ಗೌರಕ್ಕ ಅಲ್ಲೇ ಇದ್ದಳು, ಗಟ್ಟಿಯಾಗಿದ್ದಳು. ಹುಡುಗ ಮಾತ್ರ ಇನ್ನೂ ಜಾಸ್ತಿ ಮಾತಾಡುತ್ತಿದ್ದಾನೆ ಅನಿಸಿತು. ಅವನ ನಾಲ್ಕು ಸಾಲು ಅಟ್ಟಕ್ಕೆ ಹೋದವು. ಈಗ ಬೇರೊಂದು ಪತ್ರಿಕೆಗೆ ಕಳಿಸಿದ್ದೇನೆ.

ಕಳಿಸಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

‘ಮಳೆ ತೆಗೆದೆಯಾ?’

‘ತೆಗೆದೆ.’

‘ಸದ್ಯ. ಅಡಿಕೆ ಒಣಗುತ್ತೆ ಬಿಡು.’